ನನ್ನ ಸಮಕ್ಷಮ

"ಬಾಲ ಇನ್ನೂ ಸ್ವಲ್ಪ ಮೇಲಕ್ಕೆ ಹೋಗ್ಬೇಕು ಅತ್ತಿಗೆ. ಅಣ್ಣ ಕೊನೇಲಿ ಹಿಂಗೆ ಕೈ ಕೊಡವಿಬಿಡ್ತಿದ್ದ ನೋಡಿ, ಕುದುರೆ ಬಾಲ ಎತ್ತಿದ ಹಾಗೆ," ಎಂದು ಮೈದುನ ಗಾಳಿಯಲ್ಲೇ ಬರೆದು ತೋರಿಸಿದ.

ಅವಳು ಮತ್ತೊಮ್ಮೆ ಬರೆದಳು. ಊಟದ ಮೇಜಿನ ಮೇಲೆ, ಬೆಳಗಿನ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿದ ಜಾಗದಲ್ಲಿ, ಹಿಂಬದಿ ಖಾಲಿಯಿದ್ದ ಹಳೆಯ ಬಿಲ್ಲುಗಳು ಹರಡಿಕೊಂಡಿದ್ದವು. ಒಂದೊಂದರ ಮೇಲೂ ಸಾಲುಸಾಲಾಗಿ ಅವಳದೇ ಹೆಸರು. ಮೊದಲಕ್ಷರಕ್ಕೆ ಒಂದು ದೊಡ್ಡ ಕೊಕ್ಕೆ. ನಡುವಿನ ಅಕ್ಷರಗಳೆಲ್ಲ ಯಾರೋ ಅಟ್ಟಿಸಿಕೊಂಡು ಬಂದಂತೆ ಒಂದರ ಮೇಲೊಂದು ಬಿದ್ದು ಓಡಿ, ಕೊನೆಗೊಂದು ಬಾಲ. ಆ ಬಾಲ ಹಿಂದಕ್ಕೆ ತಿರುಗಿ ಇಡೀ ಹೆಸರಿನಡಿ ಗೆರೆಯಾಗಿ ಹರಿದು, ಗೆರೆಯ ಕೆಳಗೆ ಎರಡು ಚುಕ್ಕೆ. ಆ ಚುಕ್ಕೆಗಳು ಯಾಕೆ ಎಂದು ಅವಳಿಗೆ ತಿಳಿಯದು. ಹೇಳಬೇಕಾದವನು ಈಗ ಇರಲಿಲ್ಲ.

"ಚುಕ್ಕೇನ ಅಷ್ಟು ಒತ್ತಬೇಡಿ. ಹೆದರಿಕೊಂಡು ಬರೆದ ಹಾಗೆ ಕಾಣುತ್ತೆ."

"ಹೆದರಿಕೊಂಡೇ ಬರೀತಿದ್ದೀನಲ್ಲಪ್ಪ."

"ನಿಮ್ಮ ಸಹಿ ನೀವು ಹಾಕೋಕೆ ಹೆದರಿಕೆ ಏನು ಅತ್ತಿಗೆ?" ಎಂದು ನಕ್ಕ ಮೈದುನ, ಆಡಿದ ಮೇಲೆ ತನ್ನ ಮಾತು ತನಗೇ ಕೇಳಿಸಿತೋ ಏನೋ, ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತ.

ಬ್ರಷ್ ಕಾರ್ಖಾನೆ ಅವಳ ಹೆಸರಿನಲ್ಲಿತ್ತು. ಅದನ್ನು ಶುರು ಮಾಡುವಾಗ ಗಂಡ ಇನ್ನೊಬ್ಬರ ಬ್ರಷ್ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದ; ಸಂಬಳ ಕೊಡುವವರ ಕಣ್ಣೆದುರೇ ಅಂಗಡಿ ತೆರೆಯುವಂತಿರಲಿಲ್ಲ. ಹೆಂಡತಿಯನ್ನೂ ತಮ್ಮನನ್ನೂ ನಿರ್ದೇಶಕರೆಂದು ಬರೆಸಿ ಕೆಲಸವನ್ನೆಲ್ಲ ತಾನು ನೋಡಿಕೊಂಡ. ಕಾಗದ ಸಲ್ಲಿಸುವ ಕೊನೆಯ ದಿನ ಅವಳು ಹೆರಿಗೆ ಆಸ್ಪತ್ರೆಯಲ್ಲಿದ್ದಳು. ಸಂಜೆ ಬಂದವನು ತೊಟ್ಟಿಲಿಗೆ ಬಗ್ಗಿ, ಮಗಳ ಮೂಗು ಯಾರ ಥರ ಎಂದು ನೋಡುತ್ತಲೇ, "ನಿನ್ನ ಸಹಿ ನಾನೇ ಹಾಕಿಬಿಟ್ಟೆ ಕಣೇ. ನಿನಗಿಂತ ಚೆನ್ನಾಗಿ ಬಂತು," ಎಂದಿದ್ದ. ಅವಳೂ ನಕ್ಕಿದ್ದಳು. ಹೊಲಿಗೆ ಎಳೆದು ನಗುವುದಕ್ಕೂ ನೋವಾಗಿತ್ತು, ಅದೊಂದು ಚೆನ್ನಾಗಿ ನೆನಪಿದೆ.

ಒಮ್ಮೆ ಹಾಕಿದ ಮೇಲೆ ಮುಗಿಯಿತು. ಎರಡನೆಯ ಕಾಗದದ ಸಹಿ ಮೊದಲನೆಯದಕ್ಕೆ ಹೊಂದಬೇಕು, ಮೂರನೆಯದು ಎರಡನೆಯದಕ್ಕೆ. ನಡುವೆ ಯಾವಾಗಲೋ ಅವಳು "ಈ ಸಲ ನಾನೇ ಹಾಕ್ಲಾ?" ಎಂದಾಗ ಅವನು, "ನೀನು ಹಾಕಿದ್ರೆ ವಾಪಸ್ ಬರುತ್ತೆ ಕಣೇ, ಹೊಂದಲ್ಲ," ಎಂದಿದ್ದ. ಗುರುತಿನ ಚೀಟಿಯ ಫಾರಂ ತುಂಬಿದವನೂ ಅವನೇ. ಅಲ್ಲಿಯೂ ಅವಳ ಮುಖದ ಕೆಳಗೆ ಅದೇ ಬಾಲ, ಅದೇ ಎರಡು ಚುಕ್ಕೆ. ಅವಳ ಸ್ವಂತ ಸಹಿ, ಶಾಲೆಯಲ್ಲಿ ಕಲಿತ, ಒಂದೊಂದೇ ಅಕ್ಷರವನ್ನು ಕೂರಿಸಿ ಬರೆಯುವ ದುಂಡನೆಯ ಸಹಿ, ಮಗಳ ಅಂಕಪಟ್ಟಿಗಾಯಿತು, ಗ್ಯಾಸಿನವನ ರಸೀದಿಗಾಯಿತು. ಕೊನೆಗೊಮ್ಮೆ, ಗಂಡನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಮುಂಚೆ ನರ್ಸು ಹಿಡಿದ ಒಪ್ಪಿಗೆ ಪತ್ರಕ್ಕಾಯಿತು. ಅಲ್ಲಿಂದ ಅವನು ಕಣ್ಣು ತೆರೆದು ಹೊರಗೆ ಬರಲಿಲ್ಲ.

ಅವಳನ್ನು ಎಲ್ಲರೂ ಡೈರೆಕ್ಟರಮ್ಮ ಎಂದು ಕರೆಯುವುದೂ ಅವನೇ ಹುಟ್ಟಿಸಿದ ತಮಾಷೆ. ಮನೆಗೆ ಬಂದವರೆದುರು, "ನಮ್ಮ ಡೈರೆಕ್ಟರಮ್ಮ ಲೆಕ್ಕಕ್ಕುಂಟು, ಆಟಕ್ಕಿಲ್ಲ," ಎನ್ನುತ್ತಿದ್ದ. ಬಂದವರು ನಗುತ್ತಿದ್ದರು. ಡೈರೆಕ್ಟರಮ್ಮ ಒಳಗೆ ಹೋಗಿ ಇನ್ನೊಂದು ಲೋಟ ತೊಳೆಯುತ್ತಿದ್ದಳು.

ಈಗ ಆಟಕ್ಕೂ ಕರೆ ಬಂದಿತ್ತು. ಅವನು ಹೋದ ಮೇಲೆ ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಕೈಬಿಟ್ಟಿದ್ದರು. ಅರ್ಧ ಯಂತ್ರಗಳ ಮೇಲೆ ಹಳೆಯ ಸೀರೆ ಹೊದಿಸಿ ತಿಂಗಳುಗಳಾಗಿದ್ದವು. ಅಷ್ಟರಲ್ಲಿ ಹೊರದೇಶದ ಒಂದು ಕಂಪನಿ, ಆಸ್ಪತ್ರೆಯ ನಳಿಗೆಗಳನ್ನು ತೊಳೆಯುವ ಸಣ್ಣ ಬ್ರಷ್‌ಗಳನ್ನು ವರ್ಷವಿಡೀ ಕೊಳ್ಳುವುದಾಗಿ ಬರೆದಿತ್ತು. ಆದರೆ ಮೊದಲು ನೀವು ಇದ್ದೀರೆಂದು ನಮಗೆ ಖಾತ್ರಿಯಾಗಬೇಕು ಎಂದಿತ್ತು. ಕಂಪನಿಯ ಎಲ್ಲ ಕಾಗದಗಳ ನಕಲನ್ನು ನೋಟರಿಯೊಬ್ಬರು ಅಸಲಿನೊಂದಿಗೆ ತಾಳೆ ನೋಡಿ ಮುದ್ರೆ ಹಾಕಬೇಕು. ಅವುಗಳಿಗೆ ಸಹಿ ಮಾಡಿರುವ ನಿರ್ದೇಶಕಿ ಖುದ್ದಾಗಿ ನೋಟರಿಯ ಎದುರು ಹಾಜರಾಗಿ ಸಹಿ ಮಾಡಬೇಕು. ಮನೆಯವರಲ್ಲದ ಒಬ್ಬ ಸಾಕ್ಷಿ ಇರಬೇಕು. ಇವತ್ತು ಸಂಜೆಯೊಳಗೆ ಕಳಿಸದಿದ್ದರೆ ಅವರು ಬೇರೆ ಕಡೆ ನೋಡಿಕೊಳ್ಳುತ್ತಾರೆ.

"ಇರೋ ವಿಷಯ ಹೇಳಿಬಿಟ್ರೆ?" ಎಂದು ಕೇಳಿದಳು.

ಮೈದುನ ಕಿಟಕಿಯಿಂದ ತಿರುಗಿದ. "ಏನಂತ? ಇಷ್ಟು ವರ್ಷ ನಮ್ಮಣ್ಣ ಕಳ್ಳ ಸಹಿ ಹಾಕ್ತಿದ್ದ ಅಂತಾನಾ? ಆಮೇಲೆ ಆ ಫೈಲಲ್ಲಿ ಯಾವ ಕಾಗದ ನಿಲ್ಲುತ್ತೆ? ಕಂಪನಿ ಹುಟ್ಟೇ ಇಲ್ಲ ಅಂದ ಹಾಗಾಗುತ್ತೆ. ಶಟರ್ ಎಳೆದು ಮನೆಗೆ ಬರೋದೇ ಆಮೇಲೆ. ನಾನೇನೋ ಎಲ್ಲಾದ್ರೂ ಕೆಲಸಕ್ಕೆ ಸೇರ್ಕೊತೀನಿ. ಅಲ್ಲಿರೋ ಹೆಂಗಸರು?"

ಅವನು ಕೆಟ್ಟವನಲ್ಲ. ಕಣ್ಣಿನ ಕೆಳಗೆ ಕಪ್ಪಾಗಿತ್ತು, ಅಂಗಿಯ ಕಾಲರಿಗೆ ನೀಲಿ ನೈಲಾನಿನ ಚೂರುಗಳು ಅಂಟಿದ್ದವು. ಅಣ್ಣನ ಅಂಗಿಯಿಂದ ಅವಳು ಇಷ್ಟು ವರ್ಷ ಹೆಕ್ಕಿ ತೆಗೆಯುತ್ತಿದ್ದಂಥವೇ ಚೂರುಗಳು. ಆದರೆ 'ಕಳ್ಳ ಸಹಿ' ಎಂಬ ಮಾತನ್ನು ಈ ಮನೆಯಲ್ಲಿ ಯಾರೂ ಇದಕ್ಕೆ ಮುಂಚೆ ಆಡಿರಲಿಲ್ಲ. ಅದು ಮೇಜಿನ ಮೇಲೆ ಬಿದ್ದುಕೊಂಡಿತು. ಅವಳು ಬಿಲ್ಲನ್ನು ತಿರುಗಿಸಿ, ಖಾಲಿ ಮೂಲೆಯಲ್ಲಿ ಇನ್ನೊಂದು ಸಲ ಬಾಲ ಎತ್ತಿದಳು.

"ಹಾಂ! ಇದು ಬಂತು ನೋಡಿ," ಎಂದ ಮೈದುನ. "ಅಣ್ಣನೇ ಎದ್ದು ಬಂದು ಹಾಕಿದ ಹಾಗಿದೆ."

* * *

ನೋಟರಿಯ ಕಚೇರಿ ಜೆರಾಕ್ಸ್ ಅಂಗಡಿಯೊಂದರ ಮೇಲಿತ್ತು. ಕಡಿದಾದ ಮೆಟ್ಟಿಲು, ಗೋಡೆಯುದ್ದಕ್ಕೂ ಕೈ ಉಜ್ಜಿದ ಜಿಡ್ಡು. ಮೇಲೆ ಬಾಗಿಲ ಹೊರಗೆ ಕಾಲು ಕುಂಟುವ ಬೆಂಚಿನ ಮೇಲೆ ಪ್ಯಾಕಿಂಗಕ್ಕ ಆಗಲೇ ಬಂದು ಕೂತಿದ್ದಳು. ಡೈರೆಕ್ಟರಮ್ಮ ಮೇಲೆ ಬರುತ್ತಿದ್ದಂತೆ ಎದ್ದು ಜಾಗ ಬಿಟ್ಟಳು.

"ಬನ್ನಿ ಅಮ್ಮಾ, ಈ ಕಡೆ ಕೂತ್ಕೊಳ್ಳಿ. ಆ ತುದಿ ಕೂತ್ರೆ ಬೆಂಚು ಏಳುತ್ತೆ."

ಸಾಕ್ಷಿಗೆ ಅವಳನ್ನು ಆರಿಸಿದವನು ಮೈದುನ. ಅಕೌಂಟೆಂಟು ಏನೋ ನೆಪ ಹೇಳಿ ಜಾರಿಕೊಂಡಿದ್ದ. "ಅವಳಾದ್ರೆ ಹೆಚ್ಚು ಪ್ರಶ್ನೆ ಕೇಳಲ್ಲ," ಎಂದಿದ್ದ ಮೈದುನ. ಪ್ಯಾಕಿಂಗಕ್ಕನಂತೂ "ಅಮ್ಮನ ಜೊತೆ ನಾನಲ್ದೆ ಇನ್ಯಾರು?" ಎಂದು ಒಳ್ಳೆಯ ಸೀರೆಯುಟ್ಟು ಬಂದಿದ್ದಳು. ಮೊದಲು ಅವಳು ಹೊಸೆಯುವ ಯಂತ್ರದಲ್ಲಿದ್ದಳು. ಎರಡು ತಂತಿಗಳ ನಡುವೆ ನೈಲಾನ್ ಎಳೆಗಳನ್ನು ಹರಡಿ, ತಂತಿಯ ತುದಿ ಕೊಕ್ಕೆಗೆ ಸಿಕ್ಕಿಸಿ, ಕಾಲಲ್ಲಿ ಒತ್ತಿದರೆ ಯಂತ್ರ ಗಿರ್ರನೆ ತಿರುಗಿ ಹೊಸೆಯುತ್ತದೆ. ಎಳೆಗಳು ಸುರುಳಿಯಾಗಿ ನಿಂತು ಬ್ರಷ್ ಆಗುತ್ತದೆ. ಅವಳಷ್ಟು ಬೇಗ ಹೊಸೆಯುವವರು ಇರಲಿಲ್ಲ. ಒಂದು ಮಧ್ಯಾಹ್ನ ತಂತಿಯ ಜೊತೆ ಬಲಗೈಯ ಎರಡು ಬೆರಳೂ ಹೊಸೆದುಹೋದವು. ಆಮೇಲೆ ಅವಳನ್ನು ಪ್ಯಾಕಿಂಗಿಗೆ ಹಾಕಿದರು, ಹೆಸರೂ ಅದೇ ಆಯಿತು.

ಆಸ್ಪತ್ರೆಯಲ್ಲಿ ಅವಳನ್ನು ನೋಡಿಕೊಂಡವಳು ಡೈರೆಕ್ಟರಮ್ಮ. ತುತ್ತು ಮಾಡಿ ಉಣಿಸಿದ್ದಳು, ತಲೆ ಬಾಚಿ ಜಡೆ ಹಾಕಿದ್ದಳು. ಯಾರೂ ಹೇಳಿ ಕಳಿಸಿದ್ದಲ್ಲ. ಗಂಡ, "ಹೋಗಿ ಬಾ, ಒಳ್ಳೇದು, ಅವಳ ಮನಸ್ಸೂ ಸಮಾಧಾನ ಆಗುತ್ತೆ," ಎಂದು ಆಟೋದವರೆಗೂ ಬಂದು ಬಿಟ್ಟಿದ್ದ. ಆ ವಾರ್ಡಿನ ವಾಸನೆಯಲ್ಲಿ, ಮಧ್ಯಾಹ್ನಗಳ ಉದ್ದಕ್ಕೂ ಮಾತಾಡುತ್ತ ಇಬ್ಬರ ನಡುವೆ ಏನೋ ಒಂದು ಬೆಳೆದಿತ್ತು. ಡೈರೆಕ್ಟರಮ್ಮನಿಗೆ ಅಂಥ ಗೆಳತಿ ಇನ್ನೊಬ್ಬಳಿರಲಿಲ್ಲ. ಗಂಡ ಸತ್ತಾಗ ರಾತ್ರಿ ಹಗಲು ಪಕ್ಕದಲ್ಲಿದ್ದವಳೂ ಇವಳೇ.

ಮೈದುನ ಫೈಲು ಹಿಡಿದು ಒಳಗೆ ಹೋಗಿದ್ದ. ಒಳಗಿನಿಂದ ಯಾರೋ ಮುದ್ರೆ ಒತ್ತುವ ಸದ್ದು ಕೇಳಿಸುತ್ತಿತ್ತು.

"ಕೈ ಯಾಕೆ ಹಿಂಗೆ ತಣ್ಣಗಿದೆ ಅಮ್ಮಾ?"

"ಏನಿಲ್ಲ ಬಿಡು. ಇದೆಲ್ಲ ನಂಗೆ ಹೊಸದಲ್ವಾ."

"ಒಂದು ಸಹಿ ತಾನೇ, ಹಾಕಿ ಬಿಸಾಕಿ. ಆರ್ಡರ್ ಬಂದ್ರೆ ಮುಚ್ಚಿಟ್ಟಿರೋ ಮೆಷಿನ್ ಎಲ್ಲ ಓಡ್ತವಂತೆ. ಹೊಸೆಯೋವ್ಳು, ಕತ್ರಿಯವ್ಳು ಎಲ್ರೂ ಬೆಳಗ್ಗೆಯಿಂದ ದೇವರಿಗೆ ಕೈ ಮುಗೀತಾ ಕೂತವ್ರೆ. ನಂಗೇ ಹೇಳಿ ಕಳ್ಸಿದ್ದಾರೆ, ಡೈರೆಕ್ಟರಮ್ಮನ ಕೈ ನಡುಗದ ಹಾಗೆ ನೋಡ್ಕೊ ಅಂತ." ನಕ್ಕು, ದನಿ ತಗ್ಗಿಸಿ ಅವಳೇ ಮತ್ತೆ ಹೇಳಿದಳು. "ಇನ್ಮೇಲೆ ನೀವೇ ನೋಡ್ಕೊಳ್ಳಿ ಅಮ್ಮಾ ಕಾರ್ಖಾನೇನ. ನಿಜ ಹೇಳ್ಬೇಕಂದ್ರೆ, ಸತ್ತೋರ ಬಗ್ಗೆ ಆಡಬಾರ್ದು, ಸಾರ್‌ಗೆ ನಾವು ಎಷ್ಟು ಸಲ ಹೇಳಿದ್ವಿ, ಆ ಮೆಷಿನ್‌ಗೊಂದು ಮುಚ್ಚಳ ಹಾಕ್ಸಿ ಅಂತ. ಮುಚ್ಚಳ ಹಾಕಿದ್ರೆ ಕೆಲಸ ನಿಧಾನ ಆಗುತ್ತೆ ಅನ್ನೋರು. ನಿಮ್ಗೆ ಗೊತ್ತಿದ್ದಿದ್ರೆ ಬಿಡ್ತಿದ್ರಾ? ನಾನು ಇವತ್ತಿಗೂ ಎಲ್ರಿಗೂ ಅದೇ ಹೇಳೋದು. ಅಮ್ಮನಿಗೆ ಪಾಪ ಏನೂ ಗೊತ್ತಿರ್ಲಿಲ್ಲ ಅಂತ."

ಡೈರೆಕ್ಟರಮ್ಮ ತಲೆಯಾಡಿಸಿದಳು. ನಿಜವಾಗಿಯೂ ಗೊತ್ತಿರಲಿಲ್ಲ. ಆ ಗೊತ್ತಿಲ್ಲದಿರುವಿಕೆಯ ಮೇಲೆಯೇ ಈ ಹೆಂಗಸಿನ ಅಕ್ಕರೆಯೆಲ್ಲ ನಿಂತಿದೆ ಎಂದು ಅವಳಿಗೆ ಅನ್ನಿಸಿದ್ದುಂಟು. ಆದರೆ ಅದನ್ನು ಕುಂಟುವ ಬೆಂಚಿನಂತೆ ಅಲುಗಾಡಿಸಿ ನೋಡುವ ಧೈರ್ಯ ಬಂದಿರಲಿಲ್ಲ.

* * *

ನೋಟರಿ ಮುದುಕ, ಸಣಕಲು. ಬಿಳಿ ಅಂಗಿಯ ತೋಳಿನಂಚಿಗೆ ಮುದ್ರೆಯ ನೀಲಿ ಶಾಯಿ ಹತ್ತಿತ್ತು. ಮೇಜಿನ ಮೇಲೆ ಕೆಂಪು ಚಕ್ರದಂಥ ಅಂಟುಚೀಟಿಗಳು, ಹಸಿರು ದಾರದ ಉಂಡೆ, ಕಬ್ಬಿಣದ ಒತ್ತುಮುದ್ರೆ. ಅವರು ಮೊದಲು ಮಾಡಿದ ಕೆಲಸವೆಂದರೆ ಮೈದುನನಿಗೆ ಬಾಗಿಲು ತೋರಿಸಿದ್ದು.

"ನೀವು ಹೊರಗೆ ಕೂತಿರಿ."

"ನಾನೂ ಡೈರೆಕ್ಟರೇ ಸಾರ್. ಅತ್ತಿಗೆಗೆ ಇದೆಲ್ಲ ಅಭ್ಯಾಸ ಇಲ್ಲ, ನಾನಿದ್ರೆ..."

"ಅದಕ್ಕೇ ಹೊರಗೆ ಕೂತಿರಿ ಅಂದಿದ್ದು. ಹೆಂಗಸರ ಸಹಿ ಇದ್ದ ಕಡೆ ನಾನು ಗಂಡಸರನ್ನ ಒಳಗೆ ಬಿಡಲ್ಲ. ನಾನು ಅವರನ್ನ ಕೇಳೋದು, ಉತ್ತರ ಇವರು ಕೊಡೋದು. ಸಾಕಾಗಿ ಹೋಗಿದೆ ನಂಗೆ. ಬಾಗಿಲು ಎಳ್ಕೊಂಡು ಹೋಗಿ."

ಮೈದುನ ಅತ್ತಿಗೆಯ ಕಡೆ ಒಂದು ನೋಟ ಬೀರಿ ಹೊರಟ. ಹೊರಗೆ ಬೆಂಚು ಕಿರ್ರೆಂದಿತು. ನೋಟರಿ ಇಬ್ಬರ ಗುರುತಿನ ಚೀಟಿಗಳನ್ನೂ ತೆಗೆದುಕೊಂಡು ಬೆಳಕಿಗೆ ಹಿಡಿದರು.

"ಸಾಕ್ಷಿ ನೀವಾ? ಇಲ್ಲೊಂದು ಸಹಿ ಮಾಡಿ ತೋರಿಸಿಮ್ಮ."

ಪ್ಯಾಕಿಂಗಕ್ಕ ಎಡಗೈಯಲ್ಲಿ ಪೆನ್ನು ಹಿಡಿದು, ನಾಲಿಗೆಯ ತುದಿ ಕಚ್ಚಿಕೊಂಡು, ಒಂದನೇ ತರಗತಿಯ ಮಗುವಿನಂತೆ ಹೆಸರು ಬರೆದಳು. ನೋಟರಿ ಚೀಟಿಯನ್ನೂ ಕಾಗದವನ್ನೂ ಪಕ್ಕಪಕ್ಕ ಇಟ್ಟು ತಲೆ ಅಲ್ಲಾಡಿಸಿದರು.

"ಹೊಂದ್ತಾ ಇಲ್ಲವಲ್ಲಮ್ಮ."

"ಹೆಂಗೆ ಹೊಂದುತ್ತೆ ಸಾರ್? ಆ ಸಹೀನ ಮೆಷಿನ್ ತಿಂದ್ಬಿಡ್ತು," ಎಂದು ಪ್ಯಾಕಿಂಗಕ್ಕ ಬಲಗೈಯನ್ನು ಮೇಜಿನ ಮೇಲಿಟ್ಟು ನಕ್ಕಳು.

ನೋಟರಿ ನಗಲಿಲ್ಲ. ಕನ್ನಡಕ ತೆಗೆದು ಆ ಕೈಯನ್ನು ನೋಡಿದರು. "ಎಲ್ಲಿ ಆಗಿದ್ದು ಇದು?"

"ಇಲ್ಲೇ ಸಾರ್, ನಮ್ಮ ಕಂಪನೀಲೇ. ಹೋದ ವರ್ಷ ಬೇಸಿಗೇಲಿ. ಆವಾಗ ಮೆಷಿನ್‌ಗೆ ಮುಚ್ಚಳ ಇರ್ಲಿಲ್ಲ. ಆಮೇಲೆ ಹಾಕ್ಸಿದ್ರು, ಈಗ ಎಲ್ಲ ಸರಿಯಾಗದೆ."

"ಹೂಂ," ಎಂದು ನೋಟರಿ ಕಾಗದದ ಅಂಚಿನಲ್ಲಿ ಏನನ್ನೋ ಗೀಚಿದರು. 'ಗಾಯದ ಕಾರಣ ಸಹಿ ಬದಲಾಗಿದೆ, ಕೈ ನೋಡಿದ್ದೇನೆ.' ಅಷ್ಟೇ. ಎರಡೇ ನಿಮಿಷದ ಕೆಲಸ. ಡೈರೆಕ್ಟರಮ್ಮ ಆ ಸಾಲನ್ನು ತಲೆಕೆಳಗಾಗಿಯೇ ಓದಿಕೊಂಡಳು. ತೋರಿಸುವುದಕ್ಕೆ ಒಂದು ಗಾಯವಿದ್ದರೆ ಎಷ್ಟು ಸುಲಭ ಎಂದುಕೊಂಡು, ಅಂಥದ್ದನ್ನು ಯೋಚಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಆಮೇಲೆ ಕಾಗದಗಳು. ಅಸಲು ಎಡಕ್ಕೆ, ನಕಲು ಬಲಕ್ಕೆ. ನೋಟರಿ ಒಂದೊಂದನ್ನೂ ಬೆರಳು ಒದ್ದೆ ಮಾಡಿಕೊಂಡು ತಿರುಗಿಸುತ್ತಿದ್ದರು, ಅದರಲ್ಲಿ ಏನಿದೆ ಎಂದು ಗಟ್ಟಿಯಾಗಿ ಹೇಳುತ್ತಿದ್ದರು, ಮುದ್ರೆ ಒತ್ತುತ್ತಿದ್ದರು. ನನಗೆ ಓದಿ ಹೇಳಲಿಲ್ಲ ಎಂದು ಮುಂದೆ ಯಾರೂ ತಕರಾರು ತೆಗೆಯಬಾರದು, ಅದು ಅವರ ಪದ್ಧತಿ. ಇದು ಕಂಪನಿ ನೋಂದಣಿಯಾದ ಪತ್ರ. ಧಡ್. ಇದು ನಿರ್ದೇಶಕರ ಹೆಸರುಗಳು. ಧಡ್. ಇದು ವಿಳಾಸಕ್ಕೆ ಪುರಾವೆ. ಧಡ್. ಪ್ರತಿ ಹಾಳೆಯ ಕೆಳಗೂ ಬಾಲವೆತ್ತಿದ ಹೆಸರು ಒಮ್ಮೆ ಕಾಣಿಸಿ ಮಗುಚಿಕೊಳ್ಳುತ್ತಿತ್ತು. ಡೈರೆಕ್ಟರಮ್ಮನಿಗೆ ಅವುಗಳ ಹಿಂದೆ ಊಟದ ಮೇಜಿಗೆ ಬಾಗಿದ ಗಂಡನ ಬೆನ್ನು ಕಾಣಿಸಿತು. ಕಾಗದದ ಮೇಲೆ ಚೆಲ್ಲಬಾರದೆಂದು ಕಾಫಿಯ ಲೋಟವನ್ನು ದೂರವಿಟ್ಟು ಬರುತ್ತಿದ್ದವಳು ಅವಳೇ. ಅದೊಂದು ಜಾಗ್ರತೆಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

"ಇದು ಯಂತ್ರ ಸುರಕ್ಷತೆಯ ಘೋಷಣೆ," ಎಂದರು ನೋಟರಿ. "ನಮ್ಮ ಕಾರ್ಖಾನೆಯ ಎಲ್ಲ ಹೊಸೆಯುವ ಯಂತ್ರಗಳಿಗೂ ರಕ್ಷಣೆಯ ಮುಚ್ಚಳ ಅಳವಡಿಸಲಾಗಿದೆ. ನಿರ್ದೇಶಕಿಯಾದ ನಾನು ಖುದ್ದಾಗಿ ಪರಿಶೀಲಿಸಿದ್ದೇನೆ. ತಾರೀಖು, ಹೋದ ವರ್ಷ ಜನವರಿ..."

ಎತ್ತಿದ ಮುದ್ರೆ ಗಾಳಿಯಲ್ಲೇ ನಿಂತಿತು.

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಪ್ಯಾಕಿಂಗಕ್ಕ ಮೇಜಿನ ಮೇಲಿದ್ದ ಬಲಗೈಯನ್ನು ಮೆಲ್ಲಗೆ ತೆಗೆದು ಮಡಿಲಲ್ಲಿಟ್ಟುಕೊಂಡು ಸೆರಗು ಮುಚ್ಚಿದಳು. ಡೈರೆಕ್ಟರಮ್ಮ ಅವಳ ಕಡೆ ತಿರುಗಲಿಲ್ಲ. ಜನವರಿ ಆದ ಮೇಲೆ ಬೇಸಿಗೆ ಬರುತ್ತದೆ. ಅದನ್ನು ತಿಳಿಯಲು ಯಾರೂ ಓದು ಬಲ್ಲವರಾಗಬೇಕಿಲ್ಲ.

ನೋಟರಿ ಇಬ್ಬರನ್ನೂ ನೋಡಿ ಕನ್ನಡಕದ ಗಾಜು ಒರೆಸಿಕೊಂಡರು. "ನೋಡಿಮ್ಮ. ನಕಲು ಅಸಲಿಗೆ ಹೊಂದುತ್ತಾ ಅಂತ ನೋಡೋದು ನನ್ನ ಕೆಲಸ. ಅಸಲು ನಿಜಕ್ಕೆ ಹೊಂದುತ್ತಾ ಅಂತ ನೋಡೋದು ನನ್ನ ಕೆಲಸ ಅಲ್ಲ. ಅದು ಬರೆದವರಿಗೆ ಬಿಟ್ಟಿದ್ದು. ಆದ್ರೆ ಬರೆದವರು ಯಾರು ಅನ್ನೋದನ್ನ ನಾನು ಕೇಳಲೇಬೇಕು. ಇಲ್ಲಿರೋ ಸಹಿಗಳೆಲ್ಲ ನಿಮ್ಮದೇನಾ?"

ಹೊರಗೆ ಮೈದುನ ಕೆಮ್ಮಿದ.

ಅಲ್ಲ. ಎಷ್ಟು ಸಣ್ಣ ಮಾತು. ಇಷ್ಟು ವರ್ಷದಲ್ಲಿ ಅವಳನ್ನು ಯಾರೂ ಕೇಳದ ಪ್ರಶ್ನೆ, ಅದಕ್ಕೆ ನಿಜವಾದ ಉತ್ತರ. ಅಲ್ಲ ಎಂದುಬಿಟ್ಟರೆ ಪಕ್ಕದಲ್ಲಿರುವವಳು ಸೆರಗಿನಿಂದ ಕೈ ತೆಗೆದು ತನ್ನ ತಣ್ಣನೆಯ ಕೈ ಹಿಡಿಯುತ್ತಾಳೆ, ನಂಗೊತ್ತಿತ್ತು ಅಮ್ಮಾ ಅನ್ನುತ್ತಾಳೆ. ಆಮೇಲೆ? ಮುದುಕ ಕಾಗದಗಳನ್ನೆಲ್ಲ ಫೈಲಿಗೆ ತುಂಬಿ ವಾಪಸು ಕೊಡುತ್ತಾನೆ. ಹೊಸೆಯುವವಳು, ಕತ್ತರಿಯವಳು, ತಂತಿ ನೇರ ಮಾಡುವ ಇಬ್ಬರು ಓರಗಿತ್ತಿಯರು, ಎಲ್ಲರೂ ಊಟದ ಡಬ್ಬಿ ಎತ್ತಿಕೊಂಡು ಶಟರಿನ ಕೆಳಗೆ ಬಗ್ಗಿ ಹೊರಗೆ ಬರುತ್ತಾರೆ. ಇವಳೂ ಬರುತ್ತಾಳೆ. ಎಂಟು ಬೆರಳಿನವಳಿಗೆ ಇನ್ನೆಲ್ಲಿ ಯಾರು ಕೆಲಸ ಕೊಡುತ್ತಾರೆ? ಮತ್ತೆ ಅವನು. ಮನೆಯ ಗೋಡೆಯ ಮೇಲೆ ಹಾರ ಹಾಕಿದ ಚಿತ್ರದಲ್ಲಿರುವ ಗಂಡ, ಕಳ್ಳ ಸಹಿ ಹಾಕಿದವನು ಎಂದಾಗುತ್ತಾನೆ. ಅವನ ಮೇಲೆ ಸಿಟ್ಟು ಬಂತು. ಅವನು ಸತ್ತ ಮೇಲೆ ಮೊದಲ ಸಲ. ಬಾಯಿ ತೆರೆದರೆ ಅದೇ ಹೊರಗೆ ಬರುವಂತಿತ್ತು.

ಆದರೆ ಸಿಟ್ಟಿನ ಅಡಿಯಲ್ಲಿ ಇನ್ನೊಂದಿತ್ತು. ಮುಚ್ಚಳವಿಲ್ಲದ ಆ ಯಂತ್ರದಿಂದಲೇ ಅವಳ ಮನೆಯ ದೀಪ ಉರಿದಿತ್ತು, ಮಗಳು ಓದಿದ್ದಳು. ಅವನು ಬರೆದ, ಇವಳು ಲೋಟ ದೂರವಿಟ್ಟಳು. ಬಗ್ಗಿ ಒಂದು ಸಾಲು ಓದಿದ್ದರೆ ಅಲ್ಲ ಎನ್ನುವ ಬಾಯಿ ಇವತ್ತು ಅವಳದಾಗಿರುತ್ತಿತ್ತು.

"ನನ್ನವೇ," ಎಂದಳು.

"ಇದೂ?" ನೋಟರಿಯ ಬೆರಳು ಘೋಷಣೆಯ ಮೇಲಿತ್ತು.

"ಇದೂ."

"ಓದಿ ನೋಡಿಯೇ ಸಹಿ ಮಾಡಿದ್ದೀರಿ?"

ಇದನ್ನು ಮೈದುನ ಹೇಳಿಕೊಟ್ಟಿರಲಿಲ್ಲ. ಪ್ಯಾಕಿಂಗಕ್ಕನ ಉಸಿರು ಪಕ್ಕದಲ್ಲಿ ಕೇಳಿಸುತ್ತಿತ್ತು, ಮೂಗು ಕಟ್ಟಿದವರ ಉಸಿರಿನಂತೆ.

"ಹೌದು. ಓದಿಯೇ."

ಧಡ್.

ನೋಟರಿ ದೊಡ್ಡ ಪುಸ್ತಕವನ್ನು ಅವಳ ಮುಂದೆ ತಿರುಗಿಸಿ ಪೆನ್ನು ಕೊಟ್ಟರು. ಕೈ ನಡುಗಲಿಲ್ಲ. ಕೊಕ್ಕೆ ಹಾಕಿತು, ಅಕ್ಷರಗಳನ್ನು ಓಡಿಸಿತು, ಕೊನೆಗೆ ತನ್ನಷ್ಟಕ್ಕೆ ಕೊಡವಿಕೊಂಡು ಬಾಲ ಎತ್ತಿ, ಗೆರೆ ಎಳೆದು, ಕೆಳಗೆ ಹಗುರವಾಗಿ ಎರಡು ಚುಕ್ಕೆ ಇಟ್ಟಿತು. ಮನೆಯಲ್ಲಿ ಒಂದು ಸಲವೂ ಇಷ್ಟು ಸಲೀಸಾಗಿ ಬಂದಿರಲಿಲ್ಲ. ನೋಟರಿ ಚೀಟಿಯ ಪಕ್ಕ ಇಟ್ಟು ನೋಡಿ, "ಅಚ್ಚು ಒತ್ತಿದ ಹಾಗಿದೆ," ಎಂದರು. ಅದು ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ.

"ಈಗ ಸಾಕ್ಷಿ. ಏನಿದೆ ಅಂದ್ರೆ, ಇವರು ನನಗೆ ಚೆನ್ನಾಗಿ ಗೊತ್ತು, ನನ್ನ ಸಮಕ್ಷಮ ಸಹಿ ಮಾಡಿದ್ದಾರೆ. ಇವರು ನಿಮಗೆ ಚೆನ್ನಾಗಿ ಗೊತ್ತಾ?"

ಪ್ಯಾಕಿಂಗಕ್ಕ ಡೈರೆಕ್ಟರಮ್ಮನ ಕಡೆ ತಿರುಗಿ, ಮೊದಲ ಸಲ ನೋಡುವವರಂತೆ, ಹಣೆಯಿಂದ ಗಲ್ಲದವರೆಗೆ ಮುಖವನ್ನೆಲ್ಲ ನೋಡಿದಳು. ಡೈರೆಕ್ಟರಮ್ಮ ಆ ನೋಟವನ್ನು ತಪ್ಪಿಸಿಕೊಳ್ಳಲಿಲ್ಲ. ಅಷ್ಟಾದರೂ ತನ್ನಿಂದ ಸಲ್ಲಬೇಕು ಎಂಬಂತೆ ಕೂತಿದ್ದಳು.

"ಗೊತ್ತು ಸಾರ್," ಎಂದಳು ಪ್ಯಾಕಿಂಗಕ್ಕ.

ಎಡಗೈಯಲ್ಲಿ ಪೆನ್ನು ಹಿಡಿದಳು. ಈ ಸಲ ನಾಲಿಗೆ ಕಚ್ಚಿಕೊಳ್ಳಲಿಲ್ಲ. ಬಹಳ ಹೊತ್ತು ಬರೆದಳು.

* * *

ಮೈದುನ ಮೆಟ್ಟಿಲನ್ನು ಎರಡೆರಡಾಗಿ ಇಳಿದ. ರಸ್ತೆಯಲ್ಲಿ ನಿಂತು ಫೈಲು ತೆರೆದು ಮುದ್ರೆಗಳನ್ನು ಒಂದೊಂದಾಗಿ ತಿರುವಿ ನೋಡಿದ. ಅವನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ರಕ್ತ ಕಾಣಿಸಿಕೊಂಡಿತ್ತು.

"ಗೆದ್ರಿ ಅತ್ತಿಗೆ! ನಾನಿಲ್ಲಿ ಬೆವತು ಹೋದೆ. ನಾನು ಹಿಂಗೇ ಹೋಗಿ ಸ್ಕ್ಯಾನ್ ಮಾಡಿ ಕಳಿಸಿಬಿಡ್ತೀನಿ. ನೀವಿಬ್ರೂ ಒಂದು ಆಟೋ ಮಾಡ್ಕೊಂಡು ಹೋಗಿ. ಏನಕ್ಕಾ, ಸಿಹಿ ಕೊಡಿಸ್ಬೇಕು ಈಗ ನಿಂಗೆ." ಉತ್ತರಕ್ಕೆ ಕಾಯದೆ ಸ್ಕೂಟರ್ ಹತ್ತಿ, ಫೈಲನ್ನು ಅಂಗಿಯೊಳಗೆ ಎದೆಗೆ ಸೇರಿಸಿ ಗುಂಡಿ ಹಾಕಿಕೊಂಡು ಹೊರಟುಹೋದ.

ಇಬ್ಬರೂ ಅಂಗಡಿಯ ಮುಂದೆ ನಿಂತರು. ಮೋಡ ಕವಿದ ಮಧ್ಯಾಹ್ನ, ಯಾವುದಕ್ಕೂ ನೆರಳಿರಲಿಲ್ಲ. ಒಳಗೆ ಜೆರಾಕ್ಸ್ ಯಂತ್ರ ಹಾಳೆಯ ಮೇಲೆ ಹಾಳೆ ಉಗುಳುತ್ತಿತ್ತು.

"ಆಟೋ ನೋಡ್ತೀನಿ," ಎಂದಳು ಡೈರೆಕ್ಟರಮ್ಮ.

"ಬೇಡ. ನೀವು ಹೋಗಿ ಮೇಡಂ. ನಂಗೆ ಇಲ್ಲಿಂದಲೇ ಬಸ್ಸಿದೆ."

ಮೇಡಂ. ಅದರಲ್ಲಿ ಸಿಟ್ಟಿರಲಿಲ್ಲ, ಕುಹಕವಿರಲಿಲ್ಲ. ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಗೊತ್ತಿಲ್ಲದ ದೊಡ್ಡವರಿಗೆ ಹೇಳುವಂಥ ಮೇಡಂ.

"ಇಲ್ನೋಡು. ಆ ಕಾಗದ..." ಎಂದು ಶುರು ಮಾಡಿದಳು. ನಾನು ಬರೆದದ್ದಲ್ಲ ಎಂದರೆ, ಈಗಷ್ಟೇ ಎಡಗೈಯಲ್ಲಿ ಅಷ್ಟು ಕಷ್ಟಪಟ್ಟು ಬರೆದವಳ ಸಾಕ್ಷಿಯೂ ಸುಳ್ಳಾಗುತ್ತದೆ. ನಾನೇ ಬರೆದದ್ದು ಎಂದರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ.

"ಬಿಡಿ ಮೇಡಂ. ಆಗಿದ್ದಾಯ್ತಲ್ಲ. ನಾನೂ ಸಹಿ ಹಾಕಿ ಬಂದೆ." ಪ್ಯಾಕಿಂಗಕ್ಕ ರಸ್ತೆಯ ಆಚೆ ನೋಡುತ್ತಿದ್ದಳು. "ನಾಳೆಯಿಂದ ಮೆಷಿನ್ ಎಲ್ಲ ಓಡುತ್ತೆ. ನಮಗೆ ಅಷ್ಟಾದ್ರೆ ಸಾಕು."

ಬಸ್ಸು ಬಂತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಂಪಿನ ಜೊತೆ ಹತ್ತಿದಳು, ನುಗ್ಗಿಕೊಂಡು ಹೋಗಿ ಈ ಕಡೆಯ ಕಿಟಕಿಯ ಪಕ್ಕವೇ ಕೂತಳು. ಬೇರೆ ಸೀಟು ಖಾಲಿಯಿರಲಿಲ್ಲವೇನೋ. ಬಸ್ಸು ಹತ್ತು ಮಾರು ಹೋಗಿ, ಮುಂದಿನ ಸಿಗ್ನಲ್ಲಿಗೆ ಸಿಕ್ಕಿ, ಡೈರೆಕ್ಟರಮ್ಮ ನಡೆದುಕೊಂಡು ಹೋಗಬೇಕಿದ್ದ ದಾರಿಯಲ್ಲೇ ನಿಂತಿತು. ಅವಳು ನಡೆಯಲಿಲ್ಲ. ಕಿಟಕಿಯಲ್ಲಿ ಪ್ಯಾಕಿಂಗಕ್ಕನ ಮುಖದ ಒಂದು ಪಕ್ಕ ಕಾಣುತ್ತಿತ್ತು, ಎಣ್ಣೆ ಹಚ್ಚಿ ಬಾಚಿದ ಕೂದಲು, ಕಿವಿಯ ಸಣ್ಣ ಓಲೆ. ಅವಳು ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತ ಕೂತಿದ್ದಳು. ಸುತ್ತ ಸ್ಕೂಟರುಗಳು ಹಾರನ್ ಮಾಡುತ್ತಿದ್ದವು. ಸಿಗ್ನಲ್ಲು ಕೆಂಪಾಗಿಯೇ ಇತ್ತು. ಬಸ್ಸು ಅಲ್ಲೇ ನಿಂತು, ಒಮ್ಮೊಮ್ಮೆ ಮೈ ನಡುಗಿಸುತ್ತ, ಹೊರಡಲೇ ಇಲ್ಲ.